ಸಾಕ್ಷಿ ಹೇಳದೆ ಬಂದವಳು

ಮಾರ್ಚ್ 16

ಕರ್ತನಲ್ಲಿ ಪ್ರಿಯಳಾದ ತಂಗಿಗೆ ಅಣ್ಣನ ವಂದನೆ.

ಫೋನ್ ಬಂದಾಗ ಎತ್ತಿಕೊಂಡವಳು ನಿನ್ನ ಅತ್ತಿಗೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಉಗಿಯ ಕೊಳವೆ ಸಿಡಿದಿದೆ, ಇಸ್ತ್ರಿ ಯಂತ್ರದ ಹತ್ತಿರ ಇಬ್ಬರು ಹೆಂಗಸರಿದ್ದರು, ಒಬ್ಬರು ಉಳಿದಿದ್ದಾರೆ ಎಂದಷ್ಟೇ ಆ ಕಡೆಯ ದನಿ ಹೇಳಿತಂತೆ. ಉಳಿದವಳು ನೀನೇ ಎಂದು ತಿಳಿಯುವವರೆಗೆ ಅವಳು ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದಳು. ತಿಳಿದ ಮೇಲೆ ನಾವಿಬ್ಬರೂ ಅಲ್ಲೇ ಮೊಣಕಾಲೂರಿ ದೇವರನ್ನು ಕೊಂಡಾಡಿದೆವು.

ನಿನ್ನ ಎರಡೂ ಕೈ ಸುಟ್ಟಿವೆ, ತೊಡೆಯ ಚರ್ಮ ತೆಗೆದು ಬಲಗೈಗೆ ಹಾಕಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದು ನಿಮ್ಮ ಸಭೆಯ ಪಾದ್ರಿಗಳು ತಿಳಿಸಿದರು. ಅವರು ಪಾದ್ರಿ ತರಬೇತಿಯಲ್ಲಿ ನನ್ನ ಜೊತೆ ಓದಿದವರು. ಸ್ವಲ್ಪ ಉತ್ಸಾಹ ಜಾಸ್ತಿ, ಮನಸ್ಸು ಒಳ್ಳೆಯದು. ನಿನ್ನ ಜೊತೆಗಾರ್ತಿಯನ್ನು, ನೀನು ಪ್ರತಿ ಕಾಗದದಲ್ಲೂ "ಉದ್ದಕ್ಕ, ಉದ್ದಕ್ಕ" ಎಂದು ಬರೆಯುತ್ತಿದ್ದೆಯಲ್ಲ, ಅವಳನ್ನು ಮಣ್ಣು ಮಾಡುವ ಪ್ರಾರ್ಥನೆಯನ್ನು ಅವರೇ ನಡೆಸಿದರಂತೆ. ನಾನೂ ಬಂದು ಪಕ್ಕದಲ್ಲಿ ನಿಲ್ಲಬೇಕೆಂದು ಕೇಳಿದ್ದರು. ಬಸ್ಸಿನ ಟಿಕೆಟ್ಟನ್ನೂ ತೆಗೆಸಿದ್ದೆ. ಅಷ್ಟರಲ್ಲಿ ಮೊಣಕಾಲಿನ ನೋವು ಎದ್ದುಬಿಟ್ಟಿತು, ಅಷ್ಟು ದೂರ ಕೂತು ಬರುವಂತಿರಲಿಲ್ಲ. ಬೇಸರ ಮಾಡಿಕೊಳ್ಳಬೇಡ.

ತಂಗಿ, ಒಂದು ಮಾತು ನೆನಪಿಟ್ಟುಕೋ. ಇಬ್ಬರಿದ್ದ ಜಾಗದಿಂದ ದೇವರು ಒಬ್ಬಳನ್ನು ಕೈಹಿಡಿದು ಹೊರಗೆ ತಂದಿದ್ದಾನೆ. ಅದಕ್ಕೊಂದು ಉದ್ದೇಶವಿದೆ. ಅದೇನೆಂದು ಅವನೇ ತೋರಿಸುತ್ತಾನೆ. ಕೃತಜ್ಞತೆಯಿಂದ ಕಾದಿರು.

ಫೋನಿನಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಹೇಳಿ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ. ಕೈ ವಾಸಿಯಾದ ಮೇಲೆ ಉತ್ತರ ಬರೆ.

ನಿನ್ನ ಅಣ್ಣ


ಏಪ್ರಿಲ್ 20

ಅಣ್ಣ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು, ಸಹಿಸಿಕೋ. ಮನೆಗೆ ಬಂದಿದ್ದೇನೆ. ಪಕ್ಕದ ಮನೆಯ ಟೈಲರಮ್ಮ ತಲೆ ಬಾಚಿಕೊಡುತ್ತಾರೆ, ಗುಂಡಿ ಹಾಕಿಕೊಡುತ್ತಾರೆ. ಊಟ ಸೇರುತ್ತಿದೆ.

ನೀನು ಬರೆದದ್ದನ್ನು ಓದಿದೆ.

ಮೊಣಕಾಲು ನೋಡಿಕೋ. ಎಲ್ಲ ಚೆನ್ನಾಗಿದೆ.


ಮೇ 4

ಪ್ರಿಯ ತಂಗಿಗೆ,

ನಿನ್ನ ಎಡಗೈ ಅಕ್ಷರ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಎಲ್ಲ ಚೆನ್ನಾಗಿದೆ" ಎಂಬ ಆ ಒಂದು ಸಾಲನ್ನು ಭಾನುವಾರ ಸಭೆಯ ಮುಂದೆ ಓದಿದೆ. ಇಂಥ ಪೆಟ್ಟು ಬಿದ್ದವಳು ಹೀಗೆ ಬರೆಯಬೇಕಾದರೆ ಅದು ವಿಶ್ವಾಸದ ಬಲವಲ್ಲದೆ ಇನ್ನೇನು ಎಂದೆ. ಇಬ್ಬರು ಮುದುಕಿಯರು ಕಣ್ಣೊರೆಸಿಕೊಂಡರು.

ನಿಮ್ಮ ಪಾದ್ರಿಗಳು ಫೋನ್ ಮಾಡಿದ್ದರು. ಮುಂದಿನ ತಿಂಗಳ ವಿಶೇಷ ಆರಾಧನೆಯಲ್ಲಿ ನೀನು ಸಾಕ್ಷಿ ಹೇಳಬೇಕೆಂದು ಅವರ ಆಸೆ. ದೇವರು ಹೇಗೆ ಉಳಿಸಿದ ಎಂದು ನಿನ್ನ ಬಾಯಲ್ಲೇ ಜನ ಕೇಳಿದರೆ ಎಷ್ಟೋ ಕುಗ್ಗಿದ ಮನಸ್ಸುಗಳು ಎದ್ದು ನಿಲ್ಲುತ್ತವೆ. ನಿನ್ನ ಪರವಾಗಿ ನಾನೇ ಒಪ್ಪಿಕೊಂಡಿದ್ದೇನೆ. ಚಿಕ್ಕಂದಿನಿಂದಲೂ ನಿನಗೆ ನಾಲ್ಕು ಜನರ ಮುಂದೆ ಮಾತಾಡಲು ನಾಚಿಕೆ, ಅದಕ್ಕೇ ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀ ಎಂದು ನನಗೆ ಗೊತ್ತು. ಹೆದರಬೇಡ. ಬಾಯಿ ತೆರೆದರೆ ಸಾಕು, ಮಾತು ಅವನು ಕೊಡುತ್ತಾನೆ.

ಹೇಗಾಯಿತೆಂದು ಬರೆ.

ನಿನ್ನ ಅಣ್ಣ


ಜೂನ್ 22

ತಂಗಿ,

ನಿನ್ನ ಕಾಗದಕ್ಕೆ ಕಾದು ಕಾದು ಕಡೆಗೆ ಪಾದ್ರಿಗಳಿಗೇ ಫೋನ್ ಮಾಡಿದೆ. ನೀನು ವೇದಿಕೆ ಹತ್ತಿ, ಒಂದು ಮಾತೂ ಆಡದೆ ಇಳಿದು, ಎಲ್ಲರ ಮುಂದೆ ಹೊರಗೆ ನಡೆದೆಯಂತೆ. ಆಮೇಲೆ ಆರಾಧನೆಗೆ ಬಂದರೂ ಬಾಗಿಲ ಪಕ್ಕದಲ್ಲಿ ಕೂತು, ಹಾರ್ಮೋನಿಯಂ ಶುರುವಾದ ಕೂಡಲೇ ಎದ್ದುಹೋಗುತ್ತೀಯಂತೆ. ಕೀರ್ತನೆ ಹಾಡುವುದೂ ಬೇಡವಾಯಿತೇ? ಉಪಕಾರ ಮಾಡಿದ ಕೈಗೇ ಬೆನ್ನು ತಿರುಗಿಸುವುದು ನಮ್ಮ ಅಮ್ಮ ಬೆಳೆಸಿದ ಮಕ್ಕಳಿಗೆ ಒಪ್ಪುವುದಿಲ್ಲ. ನಿನ್ನಲ್ಲಿ ಕಹಿ ಬೇರೂರುತ್ತಿದೆ ಎಂದು ನನಗೆ ಭಯವಾಗುತ್ತಿದೆ. ದಿನವೂ ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ. ನೀನೂ ಪ್ರಾರ್ಥಿಸು.

ಅಣ್ಣ

(ಕೆಳಗಿನದು ನಾನು, ಅತ್ತಿಗೆ. ಜಾಗ ಉಳಿದಿತ್ತು, ಬರೆಯುತ್ತಿದ್ದೇನೆ. ನಿಮ್ಮ ಅಣ್ಣನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ. ಕೈಗೆ ಹಾಕುವ ಎಣ್ಣೆ ಮುಗಿದಿದ್ದರೆ ಹೇಳು, ಕಳಿಸುತ್ತೇನೆ. ನಿದ್ದೆ ಬರುತ್ತದೆಯೇ?)


ಜುಲೈ 3

ಅಣ್ಣ,

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಆ ದಿನ ಏನಾಯಿತೆಂದು ನೀನು ನಿನ್ನ ಪಾದ್ರಿ ಗೆಳೆಯರನ್ನು ಕೇಳಿದೆ, ನನ್ನನ್ನು ಕೇಳಲಿಲ್ಲ. ಈಗ ಕೇಳು. ಪಾದ್ರಿಗಳು ನನ್ನನ್ನು ವೇದಿಕೆ ಹತ್ತಿಸಿ, "ನಮ್ಮ ತಂಗೀನ ದೇವರು ಬೆಂಕಿ ಬಾಯಿಂದ ಎಳೆದು ತಂದಿದ್ದಾನೆ, ಅವಳ ಬಾಯಲ್ಲೇ ಕೇಳೋಣ" ಎಂದರು. ಬೆಂಕಿಯಲ್ಲ, ಉಗಿ. ಅದನ್ನಾದರೂ ತಿದ್ದೋಣವೆಂದು ತಲೆ ಎತ್ತಿದೆ. ಮುಂದಿನ ಸಾಲಿನಲ್ಲೇ ಉದ್ದಕ್ಕನ ಅಮ್ಮ ಕೂತಿದ್ದರು. ಮಗಳು ಕೆಲಸಕ್ಕೆ ತರುತ್ತಿದ್ದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಎದುರು ನಿಂತು ನಾನು ಏನು ಹೇಳಬೇಕಿತ್ತು ಅಣ್ಣ? ಇಬ್ಬರಿದ್ದೆವು, ದೇವರು ನೋಡಿದ, ನನ್ನನ್ನು ಆರಿಸಿಕೊಂಡ, ನಿಮ್ಮ ಮಗಳನ್ನು ಬಿಟ್ಟ ಎಂದೇ? ನಿನ್ನ ಮೊದಲ ಕಾಗದದಲ್ಲಿ ಇದ್ದದ್ದು ಅದೇ ಮಾತು. ಅದನ್ನು ಓದಿದ ಮೇಲೆ ನನಗೆ ಪ್ರಾರ್ಥನೆ ನಿಂತುಹೋಯಿತು.

ನಾವಿಬ್ಬರೂ ದೊಡ್ಡ ಹಾಸುಬಟ್ಟೆಗಳನ್ನು ಇಸ್ತ್ರಿ ಉರುಳೆಗೆ ಕೊಟ್ಟು, ಆ ಕಡೆ ಬಂದದ್ದನ್ನು ಎದುರುಬದುರು ನಿಂತು ಮಡಚುತ್ತಿದ್ದೆವು. ಅವಳು ನನಗಿಂತ ಒಂದು ಮೊಳ ಉದ್ದ, ಮಡಚುವಾಗ ನನ್ನ ಮಟ್ಟಕ್ಕೆ ಕೈ ಇಳಿಸುತ್ತಿದ್ದಳು. "ಕುಳ್ಳಿ, ನಿನ್ನಿಂದ ನನ್ನ ಬೆನ್ನು ಗೂನಾಯ್ತು" ಎನ್ನುತ್ತಿದ್ದಳು. ಆ ದಿನ ಬಟ್ಟೆಯ ತಳ್ಳುಗಾಡಿ ತರುವ ಸರದಿ ಅವಳದು. ಹಿಮ್ಮಡಿ ನೋಯುತ್ತಿದೆ ಎಂದಳು, ನಾನು ಹೋದೆ. ಬಾಗಿಲ ಹತ್ತಿರ ಇದ್ದಾಗ ಮೇಲಿನ ಕೊಳವೆಯ ಕೀಲು ಕಿತ್ತುಬಂತು. ಉಸ್ ಎಂದು ಶುರುವಾದ ಸದ್ದು ನಿಲ್ಲಲೇ ಇಲ್ಲ. ಬಿಳಿ ಬಿಟ್ಟು ಬೇರೇನೂ ಕಾಣಲಿಲ್ಲ. ಅವಳು ಕೂಗುತ್ತಿದ್ದ ಕಡೆಗೆ ಎರಡೂ ಕೈ ಚಾಚಿದೆ. ಅವಳ ತೋಳು ಒಂದು ಸಲ ಸಿಕ್ಕಿತು. ಯಾರೋ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದರು. ನನ್ನನ್ನು ಹೊರಗೆ ತಂದದ್ದು ಬಾಯ್ಲರ್ ನೋಡಿಕೊಳ್ಳುವವರು, ಅವರ ಕೈಯೂ ಸುಟ್ಟಿದೆ. ಅವರನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಹಾರ್ಮೋನಿಯಂ ಮಾತಿಗೆ ಬರುತ್ತೇನೆ. ನಮ್ಮ ಚರ್ಚಿನದು ಹಳೆಯದು, ಗಾಳಿ ಒತ್ತುವ ತಿದಿಯಲ್ಲಿ ತೂತಿದೆ. ಸ್ವರ ಬರುವ ಮೊದಲು ಉಸ್ ಎನ್ನುತ್ತದೆ. ಅಷ್ಟು ಸಾಕು, ನನ್ನ ಮೈ ಬೆವತು ಕಾಲು ತಾನೇ ಎದ್ದು ಓಡುತ್ತದೆ. ಕೀರ್ತನೆ ಬೇಡವಾಗಿ ಅಲ್ಲ.

ಸಾಕ್ಷಿಯ ದಿನ ಹೊರಗೆ ಬಂದು ಅಂಗಳದ ನಲ್ಲಿ ತಿರುಗಿಸಿ ನೀರಿಗೆ ಕೈ ಒಡ್ಡಿ ನಿಂತೆ. ಉದ್ದಕ್ಕನ ಅಮ್ಮ ಹಿಂದೆಯೇ ಬಂದರು. ನನ್ನ ಮುಖ ನೋಡಿದರು. ಏನೂ ಹೇಳದೆ ನಲ್ಲಿ ನಿಲ್ಲಿಸಿ ಒಳಗೆ ಹೋದರು. ಅವರ ಮುಖ ನೋಡುವ ಯೋಗ್ಯತೆ ನನಗಿಲ್ಲ ಎಂದು ಅಂದೇ ಗೊತ್ತಾಯಿತು.

ಆಸ್ಪತ್ರೆಯವರು ನನ್ನನ್ನು ಒಬ್ಬ ಕೌನ್ಸೆಲರ್ ಹತ್ತಿರ ಕಳಿಸುತ್ತಿದ್ದಾರೆ. ಹೋಗುತ್ತಿದ್ದೇನೆ. ಇದನ್ನೂ ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಿದ್ದೇನೆ.

ಅತ್ತಿಗೆಗೆ ಹೇಳು, ಎಣ್ಣೆ ಬೇಕು. ನಿದ್ದೆ ಬರುವುದಿಲ್ಲ.


ಜುಲೈ 15

ತಂಗಿ,

ನಿನ್ನ ಕಾಗದವನ್ನು ಓದಿದೆ. ಆ ಮೊದಲ ಕಾಗದದಲ್ಲಿ ಹಾಗೆ ಬರೆಯಬಾರದಿತ್ತು. ಸಮಾಧಾನ ಹೇಳುವ ಅವಸರದಲ್ಲಿ ಇನ್ನೊಂದು ಮನೆಯ ಸಾವು ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನನ್ನು ಕೇಳದೆ ಒಪ್ಪಿಕೊಂಡದ್ದೂ ತಪ್ಪು.

ಆದರೆ ಆ ಕೌನ್ಸೆಲರ್ ವಿಷಯದಲ್ಲಿ ನನಗೆ ಅಂಜಿಕೆಯಿದೆ. ಅವರು ನಮ್ಮ ವಿಶ್ವಾಸದವರೇ? ಇಂಥವರು ಎಲ್ಲಕ್ಕೂ ತಂದೆತಾಯಿಯರನ್ನು ಎಳೆದು ತರುತ್ತಾರೆ, ದೇವರ ಜಾಗದಲ್ಲಿ ಮನಸ್ಸನ್ನು ಕೂರಿಸುತ್ತಾರೆ ಎಂದು ಕೇಳಿದ್ದೇನೆ. ಮನಸ್ಸಿನ ಗಾಯಕ್ಕೆ ಪ್ರಾರ್ಥನೆಗಿಂತ ದೊಡ್ಡ ಮದ್ದು ನನಗೆ ತಿಳಿಯದು. ಧೈರ್ಯವಾಗಿ ಒಂದು ಸಲ ಎಲ್ಲವನ್ನೂ ದೇವರ ಪಾದದಲ್ಲಿಟ್ಟು ಎದ್ದುಬಿಟ್ಟರೆ ಆಯಿತು. ಮತ್ತೆ ಮತ್ತೆ ಕೆದಕಿದರೆ ಗಾಯ ಹೇಗೆ ಮಾಗೀತು?

ಅಮ್ಮ ತೀರಿಕೊಂಡ ಮೇಲೆ ನಿನಗೆ ಬುದ್ಧಿ ಹೇಳುವವನು ನಾನೊಬ್ಬನೇ, ಅದಕ್ಕೆ ಹೇಳಿದೆ. ಎಣ್ಣೆ ಕಳಿಸಿದ್ದೇವೆ.

ಅಣ್ಣ


ಆಗಸ್ಟ್ 29

ಅಣ್ಣ,

ನಿನ್ನ ಕಾಗದಕ್ಕೆ ಉತ್ತರವನ್ನು ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು. ಈಗ ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬೆರಳು ಪೂರ್ತಿ ಮಡಚುವುದಿಲ್ಲ, ಪೆನ್ನು ನಿಲ್ಲುತ್ತದೆ.

ಕೌನ್ಸೆಲರ್ ಮೇಡಂ ನಮ್ಮ ವಿಶ್ವಾಸದವರೋ ಅಲ್ಲವೋ ನಾನು ಕೇಳಿಲ್ಲ. ಕೈಗೆ ಚರ್ಮ ಹಾಕಿದ ಡಾಕ್ಟರನ್ನೂ ಕೇಳಿರಲಿಲ್ಲ. ಅವರ ಕೋಣೆ ಔಷಧಿ ಉಗ್ರಾಣದ ಪಕ್ಕದಲ್ಲಿದೆ. ಎರಡು ಕುರ್ಚಿ, ಒಂದು ಕಿಟಕಿ, ತಲೆ ಅಲ್ಲಾಡಿಸುವ ಒಂದು ಫ್ಯಾನು. ಮೊದಲ ದಿನ "ಇವತ್ತು ನೀವು ಏನೂ ಹೇಳ್ಬೇಕಾಗಿಲ್ಲ" ಎಂದರು. ನಾನು ನಿಜಕ್ಕೂ ಏನೂ ಹೇಳಲಿಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಾಗಿಲು ಮುಚ್ಚಲೇ ತೆರೆದಿರಲೇ ಎಂದು ಪ್ರತಿ ಸಲ ಕೇಳುತ್ತಾರೆ.

ತಂದೆತಾಯಿಯರನ್ನು ಇನ್ನೂ ಎಳೆದು ತಂದಿಲ್ಲ. ನಿನ್ನನ್ನು ಒಂದೆರಡು ಸಲ ಎಳೆದದ್ದು ನಾನೇ.

ಅವರು ಹೇಳುವುದು ಇಷ್ಟು. "ಆ ದಿನ ಮುಗಿದಿದೆ ಅಂತ ನಿಮ್ಮ ತಲೆಗೆ ಗೊತ್ತು. ನಿಮ್ಮ ಮೈಗೆ ಇನ್ನೂ ಯಾರೂ ಹೇಳಿಲ್ಲ. ನಿಧಾನವಾಗಿ ನಾವಿಬ್ರೂ ಹೇಳೋಣ." ಹೇಳುವ ರೀತಿ ಕೇಳಿದರೆ ನೀನು ನಗುತ್ತೀ. ನೀರು ಕಾಯಿಸುವ ಕರೆಂಟು ಪಾತ್ರೆಯನ್ನು ಕಾರಿಡಾರಿನ ಆ ತುದಿಯಲ್ಲಿ ಉಸ್ ಎನ್ನಲು ಬಿಟ್ಟು, ನಾನು ಸಾಕು ಎಂದ ಕೂಡಲೇ ಆರಿಸುತ್ತಾರೆ. ಕಾಲನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡದ್ದರ ಹೆಸರು ಹೇಳು ಎನ್ನುತ್ತಾರೆ. ಕಿಟಕಿ, ಕ್ಯಾಲೆಂಡರು, ನಿಮ್ಮ ಹರಿದ ಚಪ್ಪಲಿ ಎಂದೆ. ಅವರೂ ನಕ್ಕರು. ಹಾಗೆ ಮಾಡುತ್ತ ಮಾಡುತ್ತ ಪಾತ್ರೆ ಬಾಗಿಲವರೆಗೆ ಬಂದಿದೆ. ಮಧ್ಯೆ ಒಂದು ವಾರ ಎಲ್ಲ ಕೆಟ್ಟುಹೋಗಿ ಮತ್ತೆ ಕಾರಿಡಾರಿನ ತುದಿಗೆ ಕಳಿಸಿದೆವು.

ಕಳೆದ ವಾರ ಕೇಳಿದರು: "ನೀವು ದೇವರನ್ನ ನಂಬೋರು ಅಂದ್ರಿ. ಮರ್ಯಾದೆ ಬಿಟ್ಟು ಅವನಿಗೆ ಏನಾದ್ರೂ ಹೇಳ್ಬೋದು ಅಂದ್ರೆ ಏನು ಹೇಳ್ತೀರಿ?" ನಾನು ದೇವರನ್ನು ಬೈದೆ ಅಣ್ಣ. ಏಕವಚನದಲ್ಲಿ ಬೈದೆ. ಅವಳ ಹಿಮ್ಮಡಿ ನೋಯುತ್ತಿತ್ತು ನಿನಗೆ ಗೊತ್ತಿರಲಿಲ್ಲವಾ, ಆ ಕೀಲಿನ ಮೇಲೆ ಒಂದು ಕೈ ಇಡೋಕೆ ಆಗ್ತಿರಲಿಲ್ಲವಾ ಎಂದು ಕೂಗಿದೆ. ಉಗ್ರಾಣದವರು ಬಂದು ಇಣುಕಿ ಹೋದರು. ಆಮೇಲೆ ಅತ್ತೆ. ಮನೆಗೆ ಬಂದು ಹಗಲಲ್ಲೇ ಮಲಗಿದೆ, ಸಂಜೆಯವರೆಗೆ ಎಚ್ಚರವಿರಲಿಲ್ಲ.

ಇದನ್ನು ಪಾದ್ರಿಯಾಗಿ ಓದಬೇಡ. ಓದಿದರೂ ಸಭೆಯ ಮುಂದೆ ಓದಬೇಡ.


ಸೆಪ್ಟೆಂಬರ್ 10

ತಂಗಿ,

ಪಾದ್ರಿಯಾಗಿಯೇ ಓದಿದೆ, ಕ್ಷಮಿಸು. ಮೊದಲ ಸಲ ಓದಿ ಕಾಗದವನ್ನು ಮಡಚಿಟ್ಟೆ. ನಾನು ದಿನವೂ ಪ್ರಾರ್ಥಿಸುವ, ಬೈಬಲಿನ ಕೀರ್ತನೆಗಳ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅದರಲ್ಲಿ ಎಷ್ಟೋ ಪುಟಗಳು ನಿನ್ನ ಬೈಗುಳದಂತೆಯೇ ಇವೆ. ಎಲ್ಲಿದ್ದೀ, ಯಾಕೆ ಮುಖ ಮರೆಸಿಕೊಂಡೆ, ಎಷ್ಟು ಕಾಲ ಎಂದು ಜಗಳ ತೆಗೆದವರನ್ನೆಲ್ಲ ಭಕ್ತರು ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೇನೆ. ಕೇಳುವವನಿದ್ದಾನೆ ಎಂದು ನಂಬದವರು ಯಾರ ಮೇಲೆ ಕೂಗುತ್ತಾರೆ? ನನ್ನ ತಂಗಿ ಪ್ರಾರ್ಥನೆ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಈ ವರ್ಷ ನಮ್ಮಿಬ್ಬರಲ್ಲಿ ನಿಜವಾಗಿ ಪ್ರಾರ್ಥಿಸಿದವಳು ನೀನೇ ಇರಬೇಕು.

ಮರದ ಕೆಳಗೆ ಸತ್ತರೆ ಸಾಕೆಂದು ಮಲಗಿದ ಆ ಪ್ರವಾದಿಯ ಕಥೆ ಅಮ್ಮ ಹೇಳುತ್ತಿದ್ದಳಲ್ಲ. ದೇವದೂತ ಬಂದು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟ. ಎಷ್ಟೋ ಸಲ ಬೋಧಿಸಿದ ಭಾಗ, ಆ ಕೋಣೆಯ ಎರಡು ಕುರ್ಚಿಯ ಬಗ್ಗೆ ಓದಿದ ಮೇಲೆ ಬೇರೆಯಾಗಿ ಕಂಡಿತು. ನೀನು ಆ ಮೇಡಂ ಹತ್ತಿರ ಹೋಗುವುದನ್ನು ನಿಲ್ಲಿಸಬೇಡ.

ಅಣ್ಣ

(ಅತ್ತಿಗೆ. ನೀನು ಫೋನಿನಲ್ಲಿ ಪ್ರತಿ ಸಲ ಮೊಣಕಾಲು ಹೇಗಿದೆ ಎಂದು ಕೇಳುತ್ತೀ, ಅದಕ್ಕೆ ಹೇಳುತ್ತಿದ್ದೇನೆ. ಮೊನ್ನೆ ಗಾಳಿಗೆ ಚರ್ಚಿನ ಸೂರಿನ ಹೆಂಚು ಜಾರಿತ್ತು, ನಿಮ್ಮ ಅಣ್ಣ ಏಣಿ ಹತ್ತಿ ಸರಿಮಾಡಿ ಬಂದರು. ಸಮಾಧಿ ಸ್ಥಳಕ್ಕೆ ಹೋಗುವ ದಿನ ಮಾತ್ರ ಅವರ ಮೊಣಕಾಲು ನೋಯುತ್ತದೆ. ನಾನು ಹೇಳಿದೆ ಎಂದು ಹೇಳಬೇಡ. ಹೇಳಿದರೂ ಪರವಾಗಿಲ್ಲ.)


ಸೆಪ್ಟೆಂಬರ್ 19

ಅಣ್ಣ,

ಒಂದು ವಿಷಯ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಮೊಣಕಾಲಿಗೆ ಏನಾಗಿದೆ?

ಡಾಕ್ಟರಿಗೆ ಹೇಳುವ ಹಾಗೆ ಹೇಳಬೇಡ. ನನ್ನ ಕಾಲು ಹಾರ್ಮೋನಿಯಂ ಸದ್ದಿಗೆ ಎದ್ದು ಓಡುತ್ತಿತ್ತು ಎಂದು ಬರೆದೆನಲ್ಲ, ಹಾಗೆ ಹೇಳು. ಸಾಂಕ್ರಾಮಿಕ ಜ್ವರಕ್ಕೆ ಸತ್ತ ಎಷ್ಟೋ ಜನರನ್ನು ನೀನು ಮಣ್ಣು ಮಾಡಿದ ಆ ವರ್ಷದ ಬಗ್ಗೆ ನನಗೆ ಏನನ್ನೂ ಬಿಡಿಸಿ ಬರೆದಿಲ್ಲ. "ದೇವರ ದಯೆಯಿಂದ ದಾಟಿದೆವು" ಎಂದು ಒಂದೇ ಸಾಲು ಬರೆದಿದ್ದೆ. ನಾನೂ ಅದನ್ನು ನಂಬಿ ಸುಮ್ಮನಾಗಿದ್ದೆ.

ಇವತ್ತು ಏನೂ ಹೇಳಬೇಕಾಗಿಲ್ಲ. ಹೇಳಬೇಕೆನಿಸಿದ ದಿನ ಹೇಳು.


ನವೆಂಬರ್ 14

ತಂಗಿ,

ಅತ್ತಿಗೆ ಹೇಳಿರಬೇಕು. ಹೇಳಲಿ. ಈ ಕಾಗದ ಬರೆಯಲು ಅವಳೇ ಬಲವಂತ ಮಾಡಿ ಕೂರಿಸಿದಳು, ಈಗ ಆಚೆ ಪಾತ್ರೆ ಸದ್ದು ಮಾಡುತ್ತ ನಾನು ಏಳದಂತೆ ಕಾಯುತ್ತಿದ್ದಾಳೆ.

ಆ ವರ್ಷ ಸಮಾಧಿ ಸ್ಥಳಕ್ಕೆ ಮನೆಯವರನ್ನು ಬಿಡುತ್ತಿರಲಿಲ್ಲ. ಜ್ವರ ಹರಡುತ್ತದೆ ಎಂದು. ಗಾಡಿಯವರು ಪೆಟ್ಟಿಗೆ ಇಳಿಸಿ ದೂರ ಹೋಗಿ ನಿಲ್ಲುತ್ತಿದ್ದರು. ಅಲ್ಲಿ ಇರುತ್ತಿದ್ದವರು ಇಬ್ಬರೇ, ನಾನು ಮತ್ತು ಗುಂಡಿ ತೋಡುವ ಗುದ್ದಲಿ ತಾತ. ನನ್ನ ಸಭೆಯವರು, ಪಕ್ಕದ ಸಭೆಯವರು, ಯಾರೆಂದೇ ಗೊತ್ತಿಲ್ಲದವರು. ನಾನು ಮೊದಲಿಂದ ಕಡೆಯವರೆಗೆ ಒಂದು ಮಾತೂ ಬಿಡದೆ ಓದುತ್ತಿದ್ದೆ. ಮನೆಯವರಿಲ್ಲ, ನಾನಾದರೂ ಸರಿಯಾಗಿ ಓದಬೇಕು ಎಂದು. ತಾತನಿಗೆ ಕಿವಿ ಮಂದ. ನಾನು ಮುಗಿಸಿ ಕೈಸನ್ನೆ ಮಾಡಿದ ಮೇಲೆ "ಆಮೆನ್" ಎಂದು ಇಡೀ ಬಯಲಿಗೆ ಕೇಳುವಂತೆ ಕೂಗುತ್ತಿದ್ದ. ನಗು ಬರುತ್ತಿತ್ತು. ಆ ಒಂದು ಕೂಗಿನಿಂದಲೇ ನಾನು ಮರುದಿನ ಹೋಗುವಂತಾಗುತ್ತಿತ್ತು.

ಆಮೇಲೆ ತಾತನಿಗೇ ಜ್ವರ ಬಂತು, ಉಳಿಯಲಿಲ್ಲ. ಗಾಡಿಯವರೇ ಗುಂಡಿ ತೋಡಿ, ಅವನನ್ನು ಇಳಿಸಿ ಹೋದರು. ನಾನು ಓದಿ ಮುಗಿಸಿದೆ. ಅಭ್ಯಾಸಬಲದಿಂದ ಕೈ ಎತ್ತಿ ಸನ್ನೆ ಮಾಡಿ, ಕಾದೆ. ಯಾರೂ ಇರಲಿಲ್ಲ. ಕಡೆಗೆ ನಾನೇ ಆಮೆನ್ ಎಂದೆ. ಆ ದನಿ ನನ್ನದಲ್ಲ ಎನಿಸಿತು.

ಅದಾದ ಮೇಲೆ ನಾನು ಅಲ್ಲಿಗೆ ಹೋಗಿಲ್ಲ. ಸಹಾಯಕ ಪಾದ್ರಿಯನ್ನು ಕಳಿಸುತ್ತೇನೆ. ಮಣ್ಣಿನ ವಾಸನೆ ಬಂದರೆ ಎದ್ದು ಕಿಟಕಿ ಮುಚ್ಚುತ್ತೇನೆ. ಅಂದಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ, ಅದು ನಿನ್ನ ಅತ್ತಿಗೆಗೆ ಗೊತ್ತು. ಪುನರುತ್ಥಾನದ ಬಗ್ಗೆ ಭಾನುವಾರ ಚೆನ್ನಾಗಿಯೇ ಬೋಧಿಸುತ್ತೇನೆ. ಜನ ಹೊಗಳುತ್ತಾರೆ. ಒಂದು ಸಲ ಎಲ್ಲವನ್ನೂ ದೇವರ ಪಾದದಲ್ಲಿಟ್ಟು ಎದ್ದುಬಿಡು ಎಂದು ನಿನಗೆ ಬರೆದೆನಲ್ಲ, ನಾನು ಇಟ್ಟು ಏಳುವುದು, ಮತ್ತೆ ಹೋಗಿ ಎತ್ತಿಕೊಂಡು ಬರುವುದು ಎಷ್ಟು ಸಲವಾಯಿತೋ. ಅದು ನನ್ನ ವಿಶ್ವಾಸದ ಕೊರತೆ ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಮಾರ್ಚಿನಲ್ಲಿ ನಿನ್ನ ಹತ್ತಿರ ಬರದೇ ಇದ್ದದ್ದು ಇದಕ್ಕೇ. ಉದ್ದಕ್ಕನ ಗುಂಡಿಯ ಪಕ್ಕ ನಿಲ್ಲಬೇಕಾಗುತ್ತಿತ್ತು.

ಅಣ್ಣ


ನವೆಂಬರ್ 23

ಅಣ್ಣ,

ಓದಿದೆ. ನಿನಗೆ ಬೈಬಲಿನ ವಚನ ಬರೆಯುವುದಿಲ್ಲ, ನಿನಗೆ ಎಲ್ಲ ಬಾಯಿಪಾಠ. ಬುದ್ಧಿಯೂ ಹೇಳುವುದಿಲ್ಲ. ತಾತನ ಕೂಗನ್ನು ನೆನೆದು ನನಗೂ ನಗು ಬಂತು, ಆಮೇಲೆ ನಗು ಬರಲಿಲ್ಲ. ನಿನ್ನ ಪಕ್ಕದಲ್ಲಿ ಬಂದು ಕೂರಬೇಕೆನಿಸಿತು. ಅತ್ತಿಗೆಗೆ ಪೂರ್ತಿ ಹೇಳಿದ್ದೀಯಾ? ಬರೀ ನಿದ್ದೆ ಇಲ್ಲದ್ದು ಮಾತ್ರ ಅವರಿಗೆ ಗೊತ್ತಿದ್ದರೆ ಸಾಲದು.

ನನ್ನ ಸುದ್ದಿ ಇದೆ. ಉದ್ದಕ್ಕನ ಅಮ್ಮನ ಮನೆಗೆ ಹೋಗಿದ್ದೆ. ಹೋಗುವುದೋ ಬಿಡುವುದೋ ಎಂದು ಮೇಡಂ ಜೊತೆ ಎಷ್ಟು ವಾರ ಮಾತಾಡಿದೆವೋ. ಕೀಲಿ ಮಾಡುವವನ ಅಂಗಡಿಯ ಮೇಲೆ ಅವರ ಮನೆ, ಕಡಿದಾದ ಮೆಟ್ಟಿಲು. ಬಾಗಿಲು ತೆಗೆದವರು "ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದರು. ನಾನು ನಲ್ಲಿಯ ದಿನದ ಮಾತೆತ್ತಿ, ನಿಮಗೆ ನನ್ನ ಮೇಲೆ ಸಿಟ್ಟಿರಬೇಕು ಎಂದೆ. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು.

"ನಾನು ಅವತ್ತು ಹೊರಗೆ ಬಂದಿದ್ದು ನಿನ್ನ ಕೈ ಹಿಡ್ಕೊಳ್ಳೋಕೆ. ಹಿಡಿದ್ರೆ ನೋಯುತ್ತೇನೋ ಅಂತ ಹೆದರಿ ನಲ್ಲಿ ನಿಲ್ಲಿಸಿ ಹೋದೆ. ನೀನು ಅಲ್ಲಿ ನಿಂತು ದೇವರು ನಿನ್ನನ್ನೇ ಉಳಿಸಿದ ಅಂದಿದ್ರೆ, ನಾನು ಮತ್ತೆ ಆ ಚರ್ಚಿಗೆ ಕಾಲಿಡ್ತಿರಲಿಲ್ಲ. ನೀನು ಹೇಳ್ದೆ ಇಳಿದು ಬಂದೆಯಲ್ಲ, ಅದಕ್ಕೇ ಇನ್ನೂ ಹೋಗ್ತಿದೀನಿ."

ಆಮೇಲೆ ಅವರು, ಅವಳು ಕಡೆಗೆ ಏನಾದರೂ ಹೇಳಿದಳಾ ಎಂದು ಕೇಳಿದರು. ನನ್ನ ಹೆಸರು ಕೂಗಿದಳು, ಅವಳ ತೋಳು ಒಂದು ಸಲ ಕೈಗೆ ಸಿಕ್ಕಿತು ಎಂದೆ. "ಹಾಗಾದ್ರೆ ನೀನು ಇದ್ದೀ ಅಂತ ಅವಳಿಗೆ ಗೊತ್ತಾಗಿತ್ತು" ಎಂದರು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ ಅಣ್ಣ.

ಮನೆಗೆ ನಡೆದು ಬರುವಾಗ ನಿನ್ನ ಮೊದಲ ಕಾಗದ ನೆನಪಾಯಿತು. ದೇವರು ಬಾಗಿಲ ಕಡೆ ನಿಂತು ನನ್ನನ್ನು ಹೊರಗೆ ಎಳೆದ ಎಂದು ನೀವೆಲ್ಲ ಹೇಳುತ್ತಿದ್ದಿರಿ. ಅವನು ಒಳಗೆ, ಅವಳ ಪಕ್ಕದಲ್ಲಿ ಇದ್ದಿರಬೇಕು ಎಂದು ನನಗೆ ಅನಿಸಿತು. ಸರಿಯೋ ತಪ್ಪೋ ನೀನೇ ಹೇಳಬೇಕು. ಹಾಗೆ ಅನಿಸಿದ ಮೇಲೆ, ರಸ್ತೆಯಲ್ಲಿ ನಡೆಯುತ್ತಲೇ, ಬೈಯದೆ ಅವನ ಜೊತೆ ಎರಡು ಮಾತಾಡಿದೆ.


ಫೆಬ್ರವರಿ 8

ಅಣ್ಣ,

ನಿನ್ನಿಂದ ಕಾಗದವಿಲ್ಲ. "ಸರಿ" ಎಂದಷ್ಟೇ ಬರೆದ ಕಾರ್ಡು ಬಂದಿತ್ತು. ಅದು ನನ್ನ ಪ್ರಶ್ನೆಗೆ ಉತ್ತರವೆಂದು ಇಟ್ಟುಕೊಂಡಿದ್ದೇನೆ.

ಕೆಲಸಕ್ಕೆ ಸೇರಿದ್ದೇನೆ. ಹರಿದ ಬಟ್ಟೆ ಹೊಲಿಯುವ ಕೋಣೆ, ಅಲ್ಲಿ ಉಗಿ ಇಲ್ಲ. ಹೊಸ ಬಟ್ಟೆಗಿಂತ ತೇಪೆ ಹಾಕಿದ್ದೇ ಹೆಚ್ಚು ಬಾಳುತ್ತದೆ ಎನ್ನುತ್ತಾಳೆ ಅಲ್ಲಿನ ಮುಖ್ಯಸ್ಥೆ, ಆದರೆ ಅವಳು ಎಲ್ಲದಕ್ಕೂ ಹಾಗೆ ಏನಾದರೂ ಹೇಳುತ್ತಾಳೆ. ಮೇಡಂ ಜೊತೆ ಇಸ್ತ್ರಿ ಕೋಣೆಯ ಬಾಗಿಲವರೆಗೆ ಹೋಗಿ ನಿಂತು ಬಂದೆ. ಬೆವತೆ, ಓಡಲಿಲ್ಲ. ಪೂರ್ತಿ ವಾಸಿಯಾಯಿತೆಂದು ತಿಳಿಯಬೇಡ. ಕೆಲವು ದಿನ ಬೆಳಿಗ್ಗೆ ಎದ್ದಾಗಲೇ ಎಲ್ಲ ಮೊದಲಿನಂತೆ ಇರುತ್ತದೆ. ಅಂಥ ದಿನ ಕಳೆಯುತ್ತದೆ ಎಂದು ಈಗ ಗೊತ್ತು, ಅಷ್ಟೇ.

ಮುಂದಿನ ತಿಂಗಳು ಉದ್ದಕ್ಕನ ಸಮಾಧಿಗೆ ಕಲ್ಲು ನಿಲ್ಲಿಸಿ ಪ್ರಾರ್ಥನೆ ಮಾಡುತ್ತಾರೆ. ಅವಳ ಅಮ್ಮ ನಿನ್ನನ್ನು ಕರೆಸು ಎಂದರು. ನಮ್ಮ ಪಾದ್ರಿಗಳು ಉದ್ದ ಬೋಧಿಸುತ್ತಾರೆ ಎಂಬುದೂ ಒಂದು ಕಾರಣ. ನಿನ್ನ ವಿಷಯ ನಾನು ಹೇಳಿಲ್ಲ. "ಅವನಿಗೆ ಅಂಥ ಜಾಗದಲ್ಲಿ ಮಾತು ನಿಂತುಹೋಗ್ಬೋದು" ಎಂದಷ್ಟೇ ಹೇಳಿದೆ. "ನಿಂತ್ರೆ ನಿಲ್ಲಲಿ, ನಾವಿರ್ತೀವಲ್ಲ" ಎಂದರು.

ಬರಲೇಬೇಕೆಂದು ಹೇಳುತ್ತಿಲ್ಲ. ಮೊಣಕಾಲು ನೋಯಿತು ಎಂದು ಬರೆದರೂ ನನಗೆ ಅರ್ಥವಾಗುತ್ತದೆ.


ಮಾರ್ಚ್ 21

ತಂಗಿ,

ನಿನ್ನ ಎದುರಿಗೇ ಇದ್ದೆ, ಆದರೂ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಬಸ್ಸಿಳಿದಾಗ ನೀನು ಸುಟ್ಟ ಕೈಯ ಮೇಲಿನ ಕೈಗವಸು ತೆಗೆದು ನನ್ನ ಕೈ ಹಿಡಿದೆಯಲ್ಲ, ಆಗಲೇ ಅರ್ಧ ಧೈರ್ಯ ಬಂದಿತ್ತು. ಸಮಾಧಿ ಸ್ಥಳದ ಗೇಟು ದಾಟಿದಾಗ ಅದೂ ಹೋಯಿತು. ಕಲ್ಲು ನೆಡಲು ಹೊಸದಾಗಿ ಅಗೆದಿದ್ದರು, ಹಸಿ ಮಣ್ಣಿನ ವಾಸನೆ. ಪುಸ್ತಕ ತೆರೆದೆ, ಮೊದಲ ಸಾಲು ಓದಿದೆ. ಅಲ್ಲಿಗೆ ನಿಂತಿತು. ನೀವೆಲ್ಲ ನನ್ನ ಬೆನ್ನ ಹಿಂದೆ ಇದ್ದಿರಿ, ನನಗೆ ಮಾತ್ರ ಯಾರೂ ಇಲ್ಲದ ಆ ಬಯಲೇ ಕಾಣುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಪಾದ್ರಿಗೆಳೆಯ ಕೆಮ್ಮಿದ, ಪುಸ್ತಕ ಇಸಿದುಕೊಳ್ಳಲು ಮುಂದೆ ಬಂದ. ಆಗ ಆ ಅಮ್ಮ ಅವನನ್ನು ತಡೆದು ಹೇಳಿದ ಮಾತು ನಿನಗೂ ಕೇಳಿಸಿರಬೇಕು.

"ಪಾದ್ರಿಗಳೇ, ನಿಧಾನವಾಗ್ಲಿ. ನಮಗೇನೂ ಅವಸರ ಇಲ್ಲ."

ನಾನು ಕಾಲನ್ನು ನೆಲಕ್ಕೆ ಒತ್ತಿದೆ. ಹಿಂದಕ್ಕೂ ತಿರುಗಿ ನೋಡಿ, ಕಣ್ಣಿಗೆ ಕಂಡದ್ದನ್ನು ಮನಸ್ಸಿನಲ್ಲೇ ಹೆಸರಿಸಿದೆ. ಕಲ್ಲು, ಬಕೆಟ್ಟು, ಬಾಯ್ಲರ್ ನೋಡುವವರ ಸುಟ್ಟ ಕೈ, ನನ್ನ ತಂಗಿ. ಆಮೇಲೆ ಓದಿದೆ. ಒಂದೆರಡು ಸಾಲು ಹಾರಿಹೋಗಿರಬೇಕು. ಮುಗಿಸಿ ತಲೆ ತಗ್ಗಿಸಿದಾಗ ಹಿಂದಿನಿಂದ ಆಮೆನ್ ಬಂತು. ಒಟ್ಟಿಗೆ ಬರಲಿಲ್ಲ. ಒಬ್ಬರು ಮೊದಲೇ ಅಂದರು, ಲಾಂಡ್ರಿಯ ಹೆಂಗಸರು ತಡವಾಗಿ ಅಂದರು. ಅಷ್ಟು ಜನರ ದನಿ. ಗುದ್ದಲಿ ತಾತನನ್ನು ಮಣ್ಣು ಮಾಡಿದ್ದು ನನಗೆ ಆ ಹೊತ್ತಿಗೆ ಮುಗಿಯಿತು ಎನಿಸಿತು. ನಾನು ಅಳುತ್ತಿದ್ದದ್ದನ್ನು ನೀನು ನೋಡಿದೆ, ಯಾರಿಗಾಗಿ ಎಂದು ನೀನೊಬ್ಬಳೇ ಬಲ್ಲೆ.

ಎಲ್ಲ ಸರಿಹೋಯಿತೆಂದು ನಾನೂ ಬರೆಯುವುದಿಲ್ಲ. ನಿಮ್ಮ ಮೇಡಂ ಕೊಟ್ಟ ಹೆಸರಿನವರನ್ನು ಸೋಮವಾರ ಕಾಣಲು ಹೋಗುತ್ತಿದ್ದೇನೆ. ಸಭೆಯ ಹಿರಿಯರಿಗೂ ಹೇಳಿದೆ. ಒಬ್ಬರು ಹುಬ್ಬು ಗಂಟಿಕ್ಕಿದರು. ಇನ್ನೊಬ್ಬರು ಆಚೆ ಕರೆದು, ತನ್ನ ಮಗನಿಗೂ ಅವರ ನಂಬರು ಬೇಕೆಂದು ಮೆಲ್ಲಗೆ ಕೇಳಿದರು.

ಈಗ ಬಸ್ಸಿನ ವಿಷಯ. ನೀನು ಹತ್ತಿಸಿ ಕೈಬೀಸಿದ್ದು ನೆನಪಿದೆ. ಊರಾಚೆಯ ಸೇತುವೆ ನೆನಪಿದೆ. ಆಮೇಲೆ ಯಾರೋ ಭುಜ ಹಿಡಿದು ಅಲುಗಿಸುತ್ತಿದ್ದರು. "ಸ್ವಾಮೀ, ಏಳಿ. ಇದು ಕಡೇ ಸ್ಟಾಪು. ನಿಮ್ಮೂರು ಹಿಂದೆ ಹೋಗಿ ಎಷ್ಟೋ ಹೊತ್ತಾಯ್ತು. ಎರಡು ಸಲ ಎಬ್ಬಿಸ್ದೆ, ಎದ್ದೇಳ್ಲಿಲ್ಲ ನೀವು." ಕಂಡಕ್ಟರಿಗೆ ಸಿಟ್ಟು ಬಂದಿತ್ತು. ಮಟಮಟ ಮಧ್ಯಾಹ್ನ, ಯಾವುದೋ ಗೊತ್ತಿಲ್ಲದ ನಿಲ್ದಾಣ. ಬೆಂಚಿನ ಮೇಲೆ ಕೂತು ನೀನು ಕಟ್ಟಿಕೊಟ್ಟ ಬ್ರೆಡ್ಡು ತಿಂದು ನಿನ್ನ ಅತ್ತಿಗೆಗೆ ಫೋನ್ ಮಾಡಿದೆ. ನಿದ್ದೆ ಬಂದು ಊರು ದಾಟಿಬಿಟ್ಟೆ ಎಂದೆ. ಆ ಕಡೆ ಪಾತ್ರೆಯ ಸದ್ದು ನಿಂತಿತು.

"ನಿಜವಾಗ್ಲೂ ಮಲಗಿದ್ರಾ?" ಎಂದಳು.

"ಕನಸೂ ಬೀಳ್ಲಿಲ್ಲ ಕಣೇ."

"ಹಾಗಾದ್ರೆ ವಾಪಸ್ ಬರೋ ಬಸ್ಸಲ್ಲೂ ಮಲಗಿ. ಹತ್ತುವಾಗ್ಲೇ ಕಂಡಕ್ಟರಿಗೆ ಹೇಳಿಡಿ."

ಹೇಳಿ ಕೂತೆ. ಮತ್ತೆ ನಿದ್ದೆ ಬಂತು.

ಅಣ್ಣ